ಮೂವರ ಗಂಜೀಫಾ

ನನ್ನ ಹೆಂಡತಿಯ ಮುಖ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ತುಸು ಯೋಚಿಸಿ ಹೇಳಬೇಕು. ಬೆನ್ನಿನ ವಿಷಯ ಕೇಳಿ, ಥಟ್ಟನೆ ವರ್ಣಿಸುತ್ತೇನೆ. ಚಿಕ್ಕೋಡಿಯ ನಮ್ಮ ಮನೆಯಲ್ಲಿ ಸಂಜೆ ಏಳರಿಂದ ಮರಾಠಿ ಧಾರಾವಾಹಿಗಳ ದರ್ಬಾರು. ಪ್ರಾಜಕ್ತಾಳ ಮುಖ ಟಿವಿಯತ್ತ, ಬೆನ್ನು ನನ್ನತ್ತ. (ಹೈಸ್ಕೂಲ್ ಗುಮಾಸ್ತನಾದ ನನಗೆ ಹಗಲೆಲ್ಲ ನೋಡಲು ಹೆಡ್‌ಮಾಸ್ತರರ ಮುಖವೊಂದೇ ಗತಿ.) ಲಗ್ನವಾದ ಹೊಸದರಲ್ಲಿ ಎದುರು ಕೂತು ಗಂಟೆಗಟ್ಟಲೆ ಹರಟುತ್ತಿದ್ದಳು. ಆ ದಿನಗಳಿಗಾಗಿ ನನ್ನ ಜೀವ ಹಂಬಲಿಸುತ್ತಿತ್ತು.

೨೦೦೯ರ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಅವಳ ತವರಿನ ಟ್ರಂಕಿನಲ್ಲಿ ಒಂದು ಬಣ್ಣದ ಪೆಟ್ಟಿಗೆ ಸಿಕ್ಕಿತು. ಒಳಗೆ ಇಸ್ಪೀಟಿನಂಥ, ಆದರೆ ದುಂಡನೆಯ ನೂರಿಪ್ಪತ್ತು ಎಲೆಗಳು. ಮೇಲೆ ಮೀನು, ಆಮೆ, ವರಾಹ, ಹೀಗೆ ಹತ್ತೂ ಅವತಾರಗಳ ಚಿತ್ರ.

"ಅಹೋ, ಅವು ಆಯಿದವು! ಗಂಜೀಫಾ. ಅಜ್ಜ ಸಾವಂತವಾಡಿಯಿಂದ ತಂದಿದ್ದ. ಆಡೂದು ಆಯಿಗೆ ಒಬ್ಬಾಕಿಗೆ ಗೊತ್ತು," ಎಂದಳು.

ಎದುರುಬದುರು ಕೂತು ಆಡುವ ಆಟ! ನನಗೆ ದಿವ್ಯಜ್ಞಾನವಾಯಿತು. ಕೂಡಲೇ ನಿಪ್ಪಾಣಿಗೆ ಫೋನು ಮಾಡಿ ಅವಳ ಆಯಿಯನ್ನು, ಅಂದರೆ ನನ್ನ ಅತ್ತೆ ಅಕ್ಕುತಾಯಿಯವರನ್ನು ಕರೆಸಿದೆ. ತಾನಾಗಿ ಅತ್ತೆಯನ್ನು ಕರೆಸಿಕೊಂಡ ಅಳಿಯ ನಮ್ಮ ಓಣಿಯಲ್ಲಿ ನಾನೇ ಮೊದಲಿಗ.

ಅತ್ತೆ ಜಮಖಾನೆ ಹಾಸಿ ಎಲೆ ಹಂಚಿದರು. "ಹಗಲ ಆಡಿದ್ರ ರಾಮ ಇದ್ದವರು ಮೊದಲ ಇಳೀಬೇಕು, ರಾತ್ರಿ ಆಡಿದ್ರ ಕೃಷ್ಣ ಇದ್ದವರು. ಐದು ಅವತಾರದಾಗ ಹತ್ತು ದೊಡ್ಡದು, ಉಳದ ಐದರಾಗ ಒಂದು ದೊಡ್ಡದು. ತಿಳೀತೇನ್ರಿ ಜಾವಾಯಿಬಾಪು?"

ಅಳಿಯನಿಗೆ ತಿಳಿಯಲಿಲ್ಲ. ದೊಡ್ಡದೆಂದು ನಾನು ಠೀವಿಯಿಂದ ಒಗೆದದ್ದೆಲ್ಲ ಸಣ್ಣದೇ ಆಗಿರುತ್ತಿತ್ತು.

"ಎಷ್ಟ ಸಲ ಹೇಳಬೇಕ್ರಿ ನಿಮಗ?" ಎಂದು ಪ್ರಾಜಕ್ತಾ ಹಣೆ ಬಡಿದುಕೊಂಡಳು.

"ನೀವು ಯಾವಾಗ ಕಲತ್ರಿ, ಅತ್ತಿಯವರ?" ಎಂದು ನಾನು ಮಾತು ಮರೆಸಿದೆ.

"ಲಗ್ನ ಆಗಿ ಬಂದಾಗ," ಎಂದರು. "ಆವಾಗ ಹಿರಿಯರ ಮುಂದ ಗಂಡನ ಮಾರಿ ನೋಡೂವಂಗ ಇರಲಿಲ್ಲ. ಆದ್ರ ನಮ್ಮ ಅತ್ತಿಯವರಿಗೆ ಈ ಆಟದ ಹುಚ್ಚು. ಮೂರು ಮಂದಿ ಬೇಕ ಬೇಕು. ಅವರು, ಅವರ ಮಗ, ಮೂರನೇದಾಕಿ ನಾನು. ಎಲಿ ನೋಡೂ ನೆವದಾಗ ಇವರ ಮಾರಿ ನೋಡತಿದ್ದೆ. ಇವರು ಹೋಗಿ ಹತ್ತ ವರ್ಷ ಆತು. ಕೃಷ್ಣ ಕೈಗೆ ಬಂದ್ರ ಇನ್ನೂ ಎದುರಿಗೆ ನೋಡತೀನಿ."

ನನಗೂ ಕಣ್ಣು ತುಂಬಿ ಬಂತು.

ಎಂಟು ದಿನ ಟಿವಿಗೆ ಅರಿವೆ ಹೊದಿಸಿದ್ದೆವು. ಪ್ರಾಜಕ್ತಾ ನನ್ನೆದುರು ಕೂತು ನಕ್ಕಳು, ಜಗಳಾಡಿದಳು, ನನ್ನ ಬುದ್ಧಿಮತ್ತೆಯ ಬಗ್ಗೆ ಅನುಮಾನ ಪಟ್ಟಳು. ಬೈಗುಳವೆಲ್ಲ ಮುಖಾಮುಖಿ! ಗೃಹಸ್ಥನಿಗೆ ಇನ್ನೇನು ಬೇಕು?

ಒಂಬತ್ತನೇ ದಿನ ಅತ್ತೆ ನಿಪ್ಪಾಣಿಗೆ ಹೊರಟುಹೋದರು. ಸಂಜೆ ನಾನು ಉಮೇದಿನಿಂದ ಜಮಖಾನೆ ಹಾಸಿದೆ.

"ಇಬ್ಬರ ಹ್ಯಾಂಗ ಆಡೂದ್ರಿ?" ಎಂದಳು ಪ್ರಾಜಕ್ತಾ.

ಹೌದಲ್ಲ! ಮಾನ ಬಿಟ್ಟು ಫೋನು ಹಚ್ಚಿದೆ. "ಅತ್ತಿಯವರ, ತಿರುಗಿ ಬರ್ರಿ. ನೀವಿಲ್ಲದ ಮನಿ ಭಣಭಣ ಅನ್ನಾಕತ್ತೈತಿ."

"ನನಗೂ ಹಂಗ ಆಗೈತ್ರಿ, ಜಾವಾಯಿಬಾಪು! ಇಲ್ಲಿ ಸೊಸಿ ಪೂನಮ ನಾನೂ ಕಲೀತೀನಿ ಅಂತಾಳ. ಒಬ್ಬರ ಕಡಿಮಿ ಅದೇವಿ. ಎಲಿ ಕೊಟ್ಟು ಪ್ರಾಜಕ್ತಾನ್ನ ಹದಿನೈದು ದಿನ ಕಳಸರಿ."

ತಿರುಗಿ ನೋಡುವಷ್ಟರಲ್ಲಿ ಪ್ರಾಜಕ್ತಾ ಚೀಲಕ್ಕೆ ಸೀರೆ ತುಂಬುತ್ತಿದ್ದಳು.

ಮರುದಿನ ಮುಂಜಾನೆ ಗಂಜೀಫಾ ಪೆಟ್ಟಿಗೆಯನ್ನು ನಾನೇ ಹೊತ್ತು ನಿಪ್ಪಾಣಿ ಬಸ್ಸಿಗೇರಿಸಿದೆ. ಬಸ್ಸು ಗುರುಗುಟ್ಟತೊಡಗಿದಾಗ ತಡೆಯಲಾಗದೆ ಕೇಳಿದೆ: "ನಾನೂ ರಜಾ ಹಾಕಿ ಬರಲೇನು?"

"ಬ್ಯಾಡ್ರಿ," ಎಂದಳು ಅತ್ಯಂತ ಕಳಕಳಿಯಿಂದ. "ನೀವು ಬಂದ್ರ ನಾಕು ಮಂದಿ ಆಗತೇವಿ. ಹೆಚ್ಚಾದವರು ಸುಮ್ಮನ ಕೂತು ನೋಡಬೇಕು. ನಿಮಗ ಬ್ಯಾಸರ ಬರತೈತಿ."