ಒಬ್ಬನೇ ಉಣ್ಣುವುದರ ಪರವಾಗಿ

ವಾದದಲ್ಲಿ ಗೆದ್ದವನಿಗೆ ಕಪ್ ಸಿಗುತ್ತದೆ, ಸ್ನೇಹಿತರು ಸಿಗುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನಾನು ಧಾರವಾಡದಿಂದ ಬರೋಡಾದವರೆಗೆ ಬರಬೇಕಾಯಿತು. ಕಾಲೇಜಿನ ಚರ್ಚಾಕೂಟಗಳಲ್ಲಿ ನಾಲ್ಕು ಕಪ್ ಹೊಡೆದವನು ನಾನು. ವಿಮಾ ಕಚೇರಿಯ ಕೆಲಸಕ್ಕೆಂದು ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಸಹೋದ್ಯೋಗಿಗಳು ನನ್ನನ್ನು ಚಹಾಕ್ಕೆ ಕರೆಯುವುದನ್ನು ಬಿಟ್ಟರು. ಕಪ್ಪಿನಲ್ಲಿ ಕೊಟ್ಟ ಚಹಾವನ್ನು ಬಸಿಗೆ ಸುರಿದು ಕುಡಿಯುವುದೇಕೆ ಎಂದು ಕೇಳಿದ್ದಷ್ಟೇ ನೆನಪು. ಮೂರು ದಿನ ಬಿಡದೆ ಕೇಳಿದೆ, ಅದು ಬೇರೆ ಮಾತು. ಫತೇಗಂಜ್‌ನ ಕೋಣೆಯಲ್ಲಿ ಗೋಡೆಯೊಡನೆ ವಾದಿಸಿ ಗೆಲ್ಲುವುದೂ ಬೇಸರವಾದಾಗ, ಹತ್ತಿರದಲ್ಲೇ ಸಂಜೆ ನಡೆಯುತ್ತಿದ್ದ ನಾಟಕದ ತರಗತಿಗೆ ಸೇರಿದೆ. ನಾಟಕದ ಮೇಲೆ ನನಗೆ ನಂಬಿಕೆಯೇನೂ ಇರಲಿಲ್ಲ. ಅಲ್ಲಿ ಹನ್ನೆರಡು ಜನ ಇದ್ದರು.

ದವೆ ಮಾಸ್ತರರು ಅಲ್ಲಿ ಕಲಿಸುತ್ತಿದ್ದುದು ವಿದೂಷಕನ ಕೆಲಸ, ಮುಖವಾಡದ ಕೆಲಸ. ವರ್ಷದ ಕೊನೆಯ ಪ್ರಯೋಗದಲ್ಲಿ ವಿದೂಷಕ ಒಬ್ಬನೇ. ಆ ಪಾತ್ರ ಸಿಕ್ಕರೆ ಎರಡು ತಿಂಗಳು ದಿನವೂ ತಾಲೀಮು, ಸಿಗದಿದ್ದರೆ ಮತ್ತೆ ಗೋಡೆ. "ಮುಖವಾಡ ಹಾಕಿದ ಮೇಲೆ ಬಾಯಿಗೆ ರಜೆ, ಭಾಯಿ" ಎಂಬುದು ಮಾಸ್ತರರ ಒಂದೇ ನಿಯಮ. ಮೊದಲ ದಿನವೇ ನಾನು ಮುಖವಾಡದೊಳಗಿನಿಂದ ಆ ನಿಯಮದ ತರ್ಕವನ್ನು ಪ್ರಶ್ನಿಸಿದೆ. ಕೂರಿಸಿಬಿಟ್ಟರು.

ಆಯ್ಕೆಯ ದಿನ ಬಾಯಿ ಮುಚ್ಚಿಕೊಂಡೇ ಹೋದೆ. ಕಾಗದ ಅಂಟಿಸಿ ಮಾಡಿದ ಬಿಳಿ ಮುಖವಾಡ. ಕಣ್ಣು ಮೂಗಿನ ತೂತು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಕಪ್ ಗೆದ್ದು ವೇದಿಕೆಯ ಮೇಲೆ ನಿಂತ ವೀರನನ್ನು ಅಭಿನಯಿಸಿದೆ. ಎದೆ ಉಬ್ಬಿಸಿದೆ, ಕಪ್ ಎತ್ತಿ ಹಿಡಿದೆ, ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ.

"ಯಾರು ಇವನು?" ಮಾಸ್ತರರು ತರಗತಿಯನ್ನು ಕೇಳಿದರು.

ಉಷಾಬೆನ್ ಎಂಬಾಕೆ ಮೆಲ್ಲಗೆ, "ತಟ್ಟೆ ಹಿಡ್ಕೊಂಡು, ಯಾರ ಪಕ್ಕ ಕೂತು ಉಣ್ಣಲಿ ಅಂತ ಹುಡುಕ್ತಿದಾನೆ" ಎಂದಳು. ಎಲ್ಲರೂ ಹೌದು ಹೌದು ಎಂದರು.

ಮುಖವಾಡ ಕಿತ್ತೆ. ಸಿಟ್ಟು ಬಂದರೆ ನನಗೆ ಹಿಂದಿ ಕೈಕೊಡುತ್ತದೆ. ಅಪ್ಪಟ ಕನ್ನಡದಲ್ಲೇ, ಬೆರಳು ಮಡಚುತ್ತ, ಒಬ್ಬನೇ ಉಣ್ಣುವುದರ ಪರವಾಗಿ ವಾದ ಮಂಡಿಸಿದೆ. ಒಂದು, ಉಪ್ಪಿನಕಾಯಿಗೆ ಜಗಳವಿಲ್ಲ. ಎರಡು, ಪೇಪರಿನ ಹಾಳೆಗಳೆಲ್ಲ ನನ್ನವೇ. ಮೂರು, ಸಾರನ್ನು ಸುರ್ರೆಂದು ಎಳೆದರೆ ಕೇಳುವವರಿಲ್ಲ. ನಾಲ್ಕನೆಯದಕ್ಕೆ ಬೆರಳು ಮಡಚಿಯಾಯಿತು, ಅಂಶ ಹೊಳೆಯಲಿಲ್ಲ. ಬೆರಳನ್ನೇ ನೋಡುತ್ತ ನಿಂತೆ. ಒಂದಕ್ಷರ ತಿಳಿಯದ ಹನ್ನೆರಡು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಿಕ್ಕಿದ ನನ್ನ ವಿದೂಷಕ!" ಎಂದರು ಮಾಸ್ತರರು. "ಇದನ್ನೇ ಮಾಡು. ಒಂದು ಬೆರಳೂ ಬದಲಿಸಬೇಡ."

ಪ್ರಯೋಗದ ದಿನ ಸಭೆಯೂ ಹಾಗೆಯೇ ನಕ್ಕಿತು. ಮೂರನೆಯ ಸಾಲಿನಲ್ಲಿ ಒಬ್ಬರು ಮಾತ್ರ ನಗಲಿಲ್ಲ: ನಾನು ದಿನವೂ ಉಣ್ಣುವ ಉಡುಪಿ ಹೋಟೆಲಿನ ಶೀನ ಭಟ್ಟರು. ಆ ಸಭೆಯಲ್ಲಿ ಕನ್ನಡ ಬರುತ್ತಿದ್ದುದು ಅವರೊಬ್ಬರಿಗೇ. ಪಾಸು ಕೊಟ್ಟು ಕರೆದವನೂ ನಾನೇ. ನಾಟಕ ಮುಗಿದ ಮೇಲೆ ಬಾಗಿಲಲ್ಲಿ ಹಿಡಿದು, "ಯಾಕೆ ಭಟ್ಟರೇ, ಹಿಡಿಸಲಿಲ್ಲವೇ?" ಎಂದೆ.

"ನಗುವಂಥದ್ದು ಎಂತ ಇತ್ತು ಮಾರಾಯ್ರೆ ಅದರಲ್ಲಿ?" ಎಂದರು. ಸ್ವಲ್ಪ ಹೊತ್ತು ಚಪ್ಪಲಿ ಹುಡುಕಿದರು. "ನಾಳೆಯಿಂದ ಆ ಮೂಲೆ ಮೇಜು ಬೇಡ. ಗಿರಾಕಿಗಳದ್ದು ಮುಗಿದ ಮೇಲೆ ಒಳಗೆ ಬನ್ನಿ. ನಾವು ಆರು ಜನ ಒಟ್ಟಿಗೇ ಕೂರ್ತೇವೆ."

ನನ್ನ ಬಳಿ ಪ್ರತಿವಾದಗಳಿದ್ದವು. ಬೆರಳು ಮಡಚುವ ಬದಲು ಬಗ್ಗಿ ಭಟ್ಟರ ಚಪ್ಪಲಿ ಹುಡುಕಿಕೊಟ್ಟೆ.

ಮರುದಿನ ಹೋದೆ. ಉಪ್ಪಿನಕಾಯಿ ಜಾಡಿ ನನ್ನವರೆಗೆ ಬರುವಷ್ಟರಲ್ಲಿ ಬರಿದಾಗಿತ್ತು. ಪೇಪರಿನಲ್ಲಿ ನನ್ನ ಪಾಲಿಗೆ ಬಂದದ್ದು ಹತ್ತಿಯ ಧಾರಣೆಯ ಹಾಳೆ. ಸಾರು ಎಳೆದೆ, ಆರು ತಲೆಗಳು ಒಟ್ಟಿಗೆ ತಿರುಗಿದವು. "ಮೆಲ್ಲ, ಮಾರಾಯ್ರೆ" ಎಂದರು ಭಟ್ಟರು. ಒಂದೇ ಊಟದಲ್ಲಿ ಮೂರೂ ಅಂಶಗಳು ಬಿದ್ದುಹೋದವು. ಇಷ್ಟು ಹೀನಾಯವಾಗಿ ನಾನು ಎಂದೂ ಸೋತವನಲ್ಲ. ಮಜ್ಜಿಗೆಗೆಂದು ಇನ್ನೊಮ್ಮೆ ಅನ್ನ ಹಾಕಿಸಿಕೊಂಡೆ.