ತಿಪ್ಪೇಶಪ್ಪನವರ ಹೃದಯದರ್ಶಿ

ಸುಮಂಗಲಾ ಅಂಗಳ ತೊಳೆದು ರಂಗೋಲಿಯ ಕೊನೆಯ ಎಳೆ ಬಿಡುತ್ತಿದ್ದಳು. ಅಷ್ಟರಲ್ಲಿ ಮಾವ ತಿಪ್ಪೇಶಪ್ಪ ಗಡಗಡ ಸದ್ದಿನ ಯಂತ್ರವೊಂದನ್ನು ಪಡಸಾಲೆಗೆ ತಳ್ಳಿಕೊಂಡು ಬಂದರು. ಹಳೇ ವಾಷಿಂಗ್ ಮಷೀನಿನ ಡ್ರಮ್ಮು, ನಾಲ್ಕು ಚಕ್ರ, ಮೇಲೊಂದು ಮಿಣುಕು ದೀಪ!

"ಬಿಡಮ್ಮ ಆ ರಂಗೋಲಿ! ಇದು ಹೃದಯದರ್ಶಿ! ಡಾಕ್ಟ್ರು ಹೇಳಿದ ಸಿ.ಟಿ. ಸ್ಕ್ಯಾನು ಇನ್ನು ಮನೇಲೇ ಆಗ್ತೈತೆ!"

ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ಮಾವನಿಗೆ ಎದೆ ಹಿಡಿಯುತ್ತಿತ್ತು. ಹೃದಯದ ರಕ್ತನಾಳಗಳಲ್ಲಿ ಸುಣ್ಣದಂಶ ಕಟ್ಟಿಕೊಂಡಿದೆಯೋ ಏನೋ, ಸ್ಕ್ಯಾನ್ ಮಾಡಿ ನೋಡಿಬಿಡೋಣ ಎಂದಿದ್ದರು ಡಾಕ್ಟರು. ಮಾವ ಅಂದೇ ಹಿತ್ತಲ ಕೋಣೆ ಸೇರಿ ಸುತ್ತಿಗೆ ಹಿಡಿದಿದ್ದರು. ಮೊಮ್ಮಗಳು ಇಂಚರ ದಿನವೂ ಏನೋ ಕೇಳಲು ಹೋಗುವಳು, ಕೇಳದೆ ಬರುವಳು.

ಮಾವ ಡ್ರಮ್ಮಿನೊಳಗೆ ಎದೆಯವರೆಗೆ ತೂರಿಕೊಂಡರು.

"ಉಸಿರು ಹಿಡಿದುಕೊಳ್ಳಿ!" ಎಂದಿತು ಯಂತ್ರ.

ಹಿಡಿದರು. ಮುಖ ಬದನೆಕಾಯಿಯಾಯಿತು.

"ಮಾವ, ಉಸಿರು ಬಿಡಿ!"

"ಅದು ಹೇಳ್ಲಿಲ್ವಲ್ಲಮ್ಮ!"

"ಸುಣ್ಣ ಸಿಕ್ಕಿತು!" ಯಂತ್ರ ಕೂಗಿತು. "ಎಡ ದವಡೆಯಲ್ಲಿ!"

"ಎಲೆ ಅಡಿಕೆ ಹಾಕ್ಕೊಂಡು ಯಾರಾದ್ರೂ ಸ್ಕ್ಯಾನಿಗೆ ಮಲಗ್ತಾರಾ?"

"ಸಣ್ಣ ದೋಷ ಕಣಮ್ಮ! ಇದಕ್ಕೆ ಸುಣ್ಣದ ಚಪಲ ಒಂಚೂರು ಜಾಸ್ತಿ ಇಟ್ಟುಬಿಟ್ಟೀನಿ."

ಒಂಚೂರಲ್ಲ! ಯಂತ್ರ ಮಾವನನ್ನು ಹೊರಗೆ ಕಕ್ಕಿ, ಬಾಗಿಲು ದಾಟಿ ಓಡಿತು. "ರಂಗೋಲಿಗೆ ತೀವ್ರ ಅಡಚಣೆ!" ಎಂದು ರಂಗೋಲಿಯ ಸುತ್ತ ಗಿರಕಿ ಹೊಡೆಯಿತು. ಕೋಳಿಮೊಟ್ಟೆ ಮಾರುವವನ ಸೈಕಲ್ಲನ್ನು ಬೀದಿ ತಿರುವಿನವರೆಗೆ ಅಟ್ಟಿಸಿಕೊಂಡು ಹೋಗಿ ಬಂತು. ಕಡೆಗೆ ಪಕ್ಕದ ಮನೆ ರುದ್ರಾಣಮ್ಮ ನಿನ್ನೆಯಷ್ಟೇ ಸುಣ್ಣ ಬಳಿಸಿದ್ದ ಕಾಂಪೌಂಡನ್ನು ತಬ್ಬಿ ನಿಂತಿತು.

"ಪರಿಸ್ಥಿತಿ ಚಿಂತಾಜನಕ! ಆಂಬುಲೆನ್ಸಿಗೆ ಕರೆ ಹೋಗಿದೆ!"

"ಅಯ್ಯೋ, ನನ್ನ ಗೋಡೆಗೇನಾಯ್ತ್ರೀ?" ರುದ್ರಾಣಮ್ಮ ಬಾಯಿ ಬಡಿದುಕೊಂಡರು.

ಆಂಬುಲೆನ್ಸು ಊಳಿಡುತ್ತ ಬಂದೇ ಬಂತು. ಸ್ಟ್ರೆಚರ್ ಹಿಡಿದು ಇಳಿದವನು ಕೇಳಿದ, "ಪೇಷಂಟ್ ಯಾರ್ರೀ?"

ಯಂತ್ರ ಗೋಡೆಗೆ ದೀಪ ಬಿಟ್ಟಿತು.

"ಇವರ ಕಡೆಯವರು ಯಾರು?"

ಬೀದಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಗುತ್ತ ಯಂತ್ರವನ್ನು ಬಿಡಿಸಲು ಹೊರಟ ಮಾವ, ನಡುವೆ ತಟ್ಟನೆ ನಿಂತು ಎದೆಯ ಮೇಲೆ ಕೈಯಿಟ್ಟರು. ಯಾರಾದರೂ ಕಂಡಾರೆಂದು ಅದೇ ಕೈಯಲ್ಲಿ ಟವೆಲ್ ಕೊಡವಿದರು.

ಇಂಚರ ಹೋಗಿ ಆ ಕೈ ಹಿಡಿದುಕೊಂಡಳು.

"ಅಜ್ಜಾ, ಗೋಡೆ ಅಂತೂ ಗಾಡಿ ಹತ್ತಲ್ಲ. ನಿಂಗೆ ಆಸ್ಪತ್ರೆ ಅಂದ್ರೆ ಭಯಾನಾ? ನಾನೂ ಜೊತೆಗೆ ಬರ್ಲಾ?"