ಟೇಪು ಕೆಳಗಿಟ್ಟ ಮಾಮಾ

ಪುಣೆಯಲ್ಲಿ ಕ್ವಾಂಟಮ್ ಶಾಸ್ತ್ರವನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವರು ನನ್ನ ಸೋದರಮಾವ ಎಂದರೆ ಇಲ್ಲಿನ ಪ್ರೊಫೆಸರುಗಳು ನನ್ನ ಮೇಲೆ ಏರಿಬಂದಾರು. ಬರಲಿ! ಅವರ ಕೋಟುಗಳನ್ನೆಲ್ಲ ಹೊಲಿದವರು ಮಾಮಾ. ದುರಸ್ತಿಗೆ ಬಂದ ಅಂಥ ಒಂದು ಕೋಟಿನ ಕಿಸೆಯಲ್ಲಿಯೇ ವಿಜ್ಞಾನದ ಒಂದು ಮರಾಠಿ ಪುಸ್ತಿಕೆ ಸಿಕ್ಕಿದ್ದು. ಕೋಟು ವಾಪಸು ಹೋಯಿತು, ಪುಸ್ತಿಕೆ ಹೋಗಲಿಲ್ಲ!

ಆಗಿನ್ನೂ ಬ್ರಿಟಿಷರ ಕಾಲ. ಬುಧವಾರ ಪೇಠೆಯ, ಹತ್ತಾರು ಸಂಸಾರಗಳಿದ್ದ ವಾಡೆಯಲ್ಲಿ ಮಾಮಾನ ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆಯಾಗಿ ಧಾರವಾಡದಿಂದ ಅದೇ ವಾಡೆಗೆ ಬಂದ ನಾನು ಅಲ್ಲಿ ಗುಂಡಿ ಹಚ್ಚುತ್ತಿದ್ದೆ. ಮಾಮಾ ಅಳತೆ ಕೂಗಿದರೆ ವಹಿಯಲ್ಲಿ ಬರೆಯುವವಳೂ ನಾನೇ.

“ಕೇಳಿಲ್ಲಿ,” ಎಂದರು ಮಾಮಾ ಒಂದು ದಿನ. “ಇಲೆಕ್ಟ್ರಾನ್ ಅಂತ ಒಂದು ಸಣ್ಣ ಕಣ ಅದ. ಅದನ್ನ ನೋಡಬೇಕಂದ್ರ ಬೆಳಕು ಬಿಡಬೇಕು. ಬಿಟ್ಟ ಬೆಳಕೇ ಅದನ್ನ ನೂಕಿಬಿಡ್ತದ! ಅಳಿಯೂದ್ರೊಳಗ ಅದು ಮೊದಲಿನಂಗ ಇರೂದಿಲ್ಲ. ಮೂವತ್ತು ವರ್ಷದಿಂದ ನಾನೂ ಇದನ್ನೇ ನೋಡೀನಲ್ಲ! ಟೇಪು ಸುತ್ತಿದ ಕೂಡಲೆ ಹೊಟ್ಟಿ ಒಳಗ ಎಳಕೊಳ್ಳದ ಗಂಡಸು ಯಾರದಾರ?”

ಅಂದಿನಿಂದ ಗಿರಾಕಿಗಳಿಗೆ ತಿಳಿಯದಂತೆ ಅಳೆಯುವುದು ಶುರುವಾಯಿತು. ದಪ್ಪನೆಯ ವಕೀಲರೊಬ್ಬರು ಗಣಪತಿ ಗುಡಿಯಲ್ಲಿ ಕಣ್ಣು ಮುಚ್ಚಿ ನಿಂತಿದ್ದಾಗ ಮಾಮಾ ಹಿಂದಿನಿಂದ ಹೋಗಿ ಸೊಂಟಕ್ಕೆ ಟೇಪು ಸುತ್ತಿದರು. “ಚೋರ್! ಚೋರ್!” ಎಂದು ವಕೀಲರು ಕೂಗಿಕೊಂಡರು. ಗುಡಿಯ ಜನವೆಲ್ಲ ಸೇರಿ ಮಾಮಾನ ಕಾಲರು ಹಿಡಿದರು. ಕೋಟು ಮಾತ್ರ ಎಷ್ಟು ಚೆನ್ನಾಗಿ ಕೂತಿತು ಅಂತೀರಿ!

ಮಾಮಿಯ ವಿಷಯಕ್ಕೆ ಬಂದರೆ ಮಾಮಾ ಟೇಪನ್ನೇ ಮುಟ್ಟುತ್ತಿರಲಿಲ್ಲ. ಮಾಮಿಗೆ ಕ್ಷಯ. ತಿಂಗಳಿಂದ ತಿಂಗಳಿಗೆ ಸೊರಗುತ್ತಿದ್ದರು.

“ಯುಗಾದಿಗೆ ಒಂದು ಹೊಸ ಕುಬಸ ಹೊಲೀರಿ. ಹಳೇವು ಎಲ್ಲಾ ಜೋತಾಡ್ತಾವ,” ಎಂದರು ಮಾಮಿ.

“ಹೊಲೀತೀನಿ. ಅಳತಿ ಬ್ಯಾಡ. ಅಳದ್ರ ಬದಲಾಗ್ತದ.”

“ಅಳೀದೇನೇ ಇಷ್ಟು ಬದಲಾಗೀನಲ್ರೀ!”

ಮಾಮಿ ಕೆಮ್ಮು ಬರುವ ತನಕ ನಕ್ಕರು. ನಾನೂ ನಕ್ಕೆ. ಎಂಥ ಪೆದ್ದಿ ನಾನು! ಮಾಮಾ ಕಣ್ಣೊರೆಸಿಕೊಂಡು ಹೊರಗೆ ಹೋದದ್ದನ್ನು ನೋಡಿಯೂ ನಕ್ಕೆ.

ಹಬ್ಬಕ್ಕೆ ನಾಲ್ಕು ದಿನವಿದ್ದಾಗ ಮಾಮಿ ಗೋಡೆ ಹಿಡಿದುಕೊಂಡು ತಾವೇ ಅಂಗಡಿಗೆ ಬಂದು ನಿಂತರು.

“ನಾ ಹೋದ ಮ್ಯಾಲೆ ಯಾರ ಅಳತಿ ತಗೋತೀರಿ?” ಎಂದರು.

ಮಾಮಾ ಮಾಮಿಯ ಎದೆಗೆ ಟೇಪು ಸುತ್ತಿದರು. ಟೇಪು ಇಪ್ಪತ್ತಾರಕ್ಕೆ ನಿಂತದ್ದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

“ಮೂವತ್ತೆರಡು,” ಎಂದರು ಮಾಮಾ. “ಬರಕೋ. ಮೊದಲಿನಷ್ಟೇ ಅದ.”

ಮೂವತ್ತೆರಡು ಎಂದೇ ಬರೆದೆ.

ಯುಗಾದಿಯ ದಿನ ಆ ಕುಬಸ ಮಾಮಿಯ ಮೈಗೆ ಸರಿಯಾಗಿ ಕೂತಿತ್ತು! “ನೋಡಿದ್ಯಾ? ನೋಡಿದ್ಯಾ?” ಎಂದು ಮಾಮಾ ಹಿಗ್ಗಿ ವಾಡೆಯವರನ್ನೆಲ್ಲ ಕರೆದು ತೋರಿಸಿದರು.

ಬೆಳಿಗ್ಗೆ ಅದನ್ನು ತೊಡಿಸಿದವಳು ನಾನು. ಅದಕ್ಕೂ ಮೊದಲು ಮಾಮಿ ತಮ್ಮ ಹಳೆಯ ಸೀರೆಯೊಂದನ್ನು ಮಡಿಸಿ ಎದೆಗೆ ನಾಲ್ಕು ಸುತ್ತು ಸುತ್ತಿಸಿಕೊಂಡಿದ್ದರು.

“ಬಿಗಿಯಾಗಿ ಸುತ್ತವಾ,” ಎಂದಿದ್ದರು. “ಅವರಿಗೆ ಗೊತ್ತಾಗಬಾರದು. ಭಾಳ ಅಂಜ್ಯಾರ, ಪಾಪ.”